ನಂಬಿಕೆ ಬಿಡದೆ ಮದುವೆಯಾಗುವವರಿಗೇ ಏಕೆ ಈ ನೋಟಿಸು?

ಏಳೆಂಟು ವರ್ಷದ ಹಿಂದೆ ಸ್ನೇಹಿತರೊಬ್ಬರ ಮಗನ ರಿಜಿಸ್ಟರ್ ಮದುವೆಗೆ ಸಾಕ್ಷಿ ಹಾಕಲು ಒಪ್ಪಿಕೊಂಡಿದ್ದೆ. ಹುಡುಗ ಹಿಂದೂ, ಹುಡುಗಿ ಕ್ರೈಸ್ತಳು. ಇಬ್ಬರೂ ದುಡಿಯುತ್ತಿದ್ದವರು, ವಯಸ್ಸು ಇಪ್ಪತ್ತೆಂಟರ ಆಸುಪಾಸು. ಅವಳು ಭಾನುವಾರದ ಬಲಿಪೂಜೆ ತಪ್ಪಿಸಿದವಳಲ್ಲ, ಅವನು ಮನೆದೇವರಿಗೆ ನಡೆದುಕೊಳ್ಳುವವನು. ಯಾರೂ ಯಾರಿಗಾಗಿಯೂ ತಮ್ಮ ದೇವರನ್ನು ಬಿಡಬೇಕಾಗಿಲ್ಲ ಎಂದು ಮೊದಲೇ ಮಾತಾಡಿಕೊಂಡಿದ್ದರು. ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಕೊಟ್ಟದ್ದೂ ಅದಕ್ಕಾಗಿಯೇ. ನೋಟಿಸು ಬೋರ್ಡಿಗೆ ಬಿದ್ದ ದಿನವೇ ಯಾರೋ ಮೊಬೈಲಿನಲ್ಲಿ ಅದರ ಫೋಟೊ ತೆಗೆದರು. ಸಂಜೆಯೊಳಗೆ ಅದು ವಿಳಾಸ ಸಮೇತ ಹುಡುಗಿಯ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿತ್ತು. ಮರುದಿನ ಹುಡುಗನ ಆಫೀಸಿನ ಮುಂದೆ ನಾಲ್ಕು ಜನ ಬಂದು ನಿಂತರು. ಇನ್ನೂ ಒಂದು ತಿಂಗಳು ಹೀಗೆ ಕಾಯುವ ಧೈರ್ಯ ಇಬ್ಬರಲ್ಲೂ ಉಳಿಯಲಿಲ್ಲ. ಅರ್ಜಿಯನ್ನು ಅಲ್ಲಿಗೇ ಬಿಟ್ಟು ಬೇರೊಂದು ಊರಿಗೆ ಹೋದರು. ಹುಡುಗಿ ಹಿಂದೂ ಆದಳೆಂದು ಒಂದು ಸಂಸ್ಥೆಯಿಂದ ಪತ್ರ ಬರೆಸಿಕೊಂಡು ಅದೇ ದಿನ ತಾಳಿ ಕಟ್ಟಿದ್ದಾಯಿತು.

ಮತಾಂತರ ಬೇಡವೆಂದು ತೀರ್ಮಾನಿಸಿದ್ದವಳನ್ನು ಮತಾಂತರ ಮಾಡಿಸಿದ್ದು ಹುಡುಗನಲ್ಲ, ಅವನ ಹೆತ್ತವರೂ ಅಲ್ಲ. ನಮ್ಮ ಕಾನೂನು. ಮದುವೆಗಾಗಿ ಮತ ಬದಲಿಸುವುದರ ವಿರುದ್ಧ ವೇದಿಕೆಗಳಲ್ಲಿ ಗಂಟಲು ಹರಿಯುವಂತೆ ಕೂಗುವವರು ಇದೊಂದು ಸಂಗತಿಯನ್ನು ನೋಡಲೇ ಒಲ್ಲರು.

1954ರ ವಿಶೇಷ ವಿವಾಹ ಕಾಯ್ದೆ ಹುಟ್ಟಿದ್ದೇ ಇಬ್ಬರೂ ತಮ್ಮ ತಮ್ಮ ನಂಬಿಕೆಯಲ್ಲೇ ಇದ್ದು ಮದುವೆಯಾಗಲಿ ಎಂದು. ಅದಕ್ಕೂ ಹಿಂದಿನ 1872ರ ಕಾಯ್ದೆಯಲ್ಲಿ ಗಂಡು ಹೆಣ್ಣು ಇಬ್ಬರೂ ತಾವು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ, ಪಾರ್ಸಿ, ಬೌದ್ಧ, ಸಿಖ್, ಜೈನ ಯಾವುದೂ ಅಲ್ಲ ಎಂದು ಹೇಳಿಕೆ ಕೊಡಬೇಕಿತ್ತು. ನಂಬಿದ ದೇವರನ್ನು ಸರ್ಕಾರಿ ಕಾಗದದ ಮೇಲೆ ನಿರಾಕರಿಸಿದರೆ ಮಾತ್ರ ಮದುವೆ. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮತಮ್ಮೊಳಗೆ ಮದುವೆಯಾಗುವಾಗ ಈ ಕಟ್ಟನ್ನು ಸಡಿಲಿಸಿತು. ಸ್ವತಂತ್ರ ಭಾರತ ಎಲ್ಲರಿಗೂ ಬಾಗಿಲು ತೆರೆಯಿತು. ತೆರೆದ ಬಾಗಿಲಿನ ಮುಂದೆಯೇ ನೋಟಿಸ್ ಬೋರ್ಡನ್ನೂ ನೆಟ್ಟಿತು.

ಈ ಕಾಯ್ದೆಯ 6ನೇ ಕಲಮಿನ ಪ್ರಕಾರ ಮದುವೆಯ ನೋಟಿಸನ್ನು ಎಲ್ಲರಿಗೂ ಕಾಣುವಲ್ಲಿ ಅಂಟಿಸಬೇಕು, ನೋಟಿಸ್ ಪುಸ್ತಕವನ್ನು ಯಾರು ಕೇಳಿದರೂ ದುಡ್ಡಿಲ್ಲದೆ ತೋರಿಸಬೇಕು. ವಧುವರರ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಗೂ ಪ್ರತಿ ಹೋಗಬೇಕು, ಅಂದರೆ ಅವರು ಯಾರಿಗೆ ಹೆದರಿ ದೂರ ಬಂದಿದ್ದಾರೋ ಅವರ ಊರಿಗೇ. ಮೂವತ್ತು ದಿನದೊಳಗೆ ಯಾವ ದಾರಿಹೋಕನಾದರೂ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಣೆ ಹುರುಳಿಲ್ಲದ್ದೆಂದು ಗೊತ್ತಾದರೆ ಅವನಿಂದ ವಸೂಲಿ ಮಾಡಬಹುದಾದ ಖರ್ಚು ಹೆಚ್ಚೆಂದರೆ 1000 ರೂಪಾಯಿ.

ಹಿಂದೂ ವಿವಾಹ ಕಾಯ್ದೆಯಲ್ಲಿ ಇಂಥ ನೋಟಿಸ್ ಇಲ್ಲ. ನಿಕಾಹ್‌ಗೂ ಇಲ್ಲ. ಚರ್ಚಿನಲ್ಲಿ ಮೂರು ಭಾನುವಾರ ಮದುವೆಯ ಸುದ್ದಿಯನ್ನು ಓದಿ ಹೇಳುವುದುಂಟು, ಆದರೆ ಅದು ಆ ಇಬ್ಬರೂ ಒಪ್ಪಿಕೊಂಡ ಸಭೆಯ ಮುಂದೆ. ಬೆಳಿಗ್ಗೆ ಒಬ್ಬರು ಮತ ಬದಲಿಸಿ ಮಧ್ಯಾಹ್ನ ಮದುವೆಯಾಗುವುದು ಸುಲಭವಾಗಿ, ಬದಲಿಸದೆ ಮದುವೆಯಾಗುವುದು ತಿಂಗಳ ಮಟ್ಟಿನ ಅಗ್ನಿಪರೀಕ್ಷೆಯಾದರೆ ಜೀವಭಯದಲ್ಲಿರುವವರು ಯಾವ ದಾರಿ ಹಿಡಿದಾರು?

ಆ ದಾರಿಯನ್ನೂ ಕರ್ನಾಟಕ 2022ರಲ್ಲಿ ಮುಚ್ಚಿತು. ಆ ವರ್ಷ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಮದುವೆಯ ಭರವಸೆಯಿಂದಾದ ಮತಾಂತರವನ್ನು ಅಪರಾಧವೆಂದಿತು. ಶಿಕ್ಷೆ 3ರಿಂದ 5 ವರ್ಷ ಜೈಲು, ಮತಾಂತರವಾದವಳು ಹೆಣ್ಣಾದರೆ 10 ವರ್ಷದವರೆಗೆ. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಅದನ್ನೂ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯುತ್ತಾರೆ. ದೂರು ಕೊಡುವ ಅಧಿಕಾರ ಹೆತ್ತವರಿಗಷ್ಟೇ ಅಲ್ಲ, ಸಹೋದ್ಯೋಗಿಗೂ ಉಂಟು. ಬಲವಂತವಿರಲಿಲ್ಲವೆಂದು ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆ. ಇದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಒಳ್ಳೆಯ ನಿರ್ಧಾರ. ಆದರೆ ರದ್ದತಿಯೊಂದೇ ಆದರೆ ನನ್ನ ಸ್ನೇಹಿತರ ಸೊಸೆಗೆ ಸಿಕ್ಕ ಸುಳ್ಳಿನ ದಾರಿ ಮತ್ತೆ ತೆರೆದೀತು, ಸತ್ಯದ ದಾರಿಯಲ್ಲಿ ಬೋರ್ಡು ಹಾಗೆಯೇ ನಿಂತಿರುತ್ತದೆ.

ನೋಟಿಸ್ ತೆಗೆದರೆ ಮೋಸ ಹೆಚ್ಚೀತು, ಮೊದಲೇ ಮದುವೆಯಾದವನು ಇನ್ನೊಬ್ಬಳಿಗೆ ಟೋಪಿ ಹಾಕಿಯಾನು ಎನ್ನುತ್ತಾರೆ. ಆ ಮೋಸ ಶಾಸ್ತ್ರೋಕ್ತ ಮದುವೆಗಳಲ್ಲೂ ನಡೆಯುತ್ತದೆ. ಅದಕ್ಕೆಂದು ಕಲ್ಯಾಣ ಮಂಟಪದ ಮುಂದೆ ಯಾರೂ ತಿಂಗಳ ಮೊದಲು ಪ್ರಕಟಣೆ ಅಂಟಿಸುವುದಿಲ್ಲ. ಎರಡನೇ ಮದುವೆಗೆ ಶಿಕ್ಷೆಯಿದೆ, ಸುಳ್ಳು ಘೋಷಣೆಗೂ ಇದೆ. ವಯಸ್ಸು, ಗುರುತು ನೋಡಲು ದಾಖಲೆಗಳಿವೆ. ಊರಿನವರಿಂದ ವಿಚಾರಿಸಿ ತಿಳಿಯಬೇಕಾದ್ದು ಅಧಿಕಾರಿಗೆ ಏನೂ ಉಳಿದಿಲ್ಲ.

ಹೆತ್ತವರ ಸಂಕಟ ಬೇರೆಯದು. ಅದನ್ನು ಹಗುರ ಮಾಡಿ ಮಾತಾಡುವುದನ್ನು ನಾನು ಒಪ್ಪಲಾರೆ. ಮೊಮ್ಮಗುವಿಗೆ ಯಾವ ಹೆಸರಿಡುತ್ತಾರೆ, ನಾಮಕರಣವೋ ಜ್ಞಾನಸ್ನಾನವೋ, ನಾಳೆ ಸೊಸೆ ತೀರಿಕೊಂಡರೆ ಮಣ್ಣು ಮಾಡುವುದೋ ಸುಡುವುದೋ: ಇವು ನಿಜವಾದ ಪ್ರಶ್ನೆಗಳು. 'ನಾವು ಅಷ್ಟೆಲ್ಲ ದೇವರನ್ನು ನಂಬುವವರಲ್ಲ, ನಡೆದುಹೋಗುತ್ತೆ' ಎಂದು ಹೇಳುವ ಜೋಡಿಗಳಿಗೆ ನನ್ನದೊಂದು ಎಚ್ಚರಿಕೆ. ಮಗು ಹುಟ್ಟಿದಾಗ, ಅಪ್ಪ ಹಾಸಿಗೆ ಹಿಡಿದಾಗ, ಮರೆತೆವೆಂದುಕೊಂಡ ದೇವರು ಮನೆಗೆ ಬಂದೇ ಬರುತ್ತಾನೆ. ಮದುವೆಗೆ ಮುಂಚೆಯೇ ಈ ಮಾತೆಲ್ಲ ಆಗಿಹೋಗಲಿ. ಜಗಳವಾದರೂ ಸರಿ. ಆದರೆ ಅದು ಜಗುಲಿಯ ಮೇಲೆ, ಊಟದ ಮನೆಯಲ್ಲಿ ಆಗಬೇಕಾದ ಮಾತು, ಸಬ್ ರಿಜಿಸ್ಟ್ರಾರ್ ಆಫೀಸಿನ ಗೋಡೆಯ ಮೇಲಲ್ಲ.

ಇದೆಲ್ಲ ನಮ್ಮ ಸಂಸ್ಕೃತಿಯಲ್ಲಿ ಇರಲಿಲ್ಲ ಎನ್ನುವವರು ಶ್ರವಣಬೆಳಗೊಳಕ್ಕೆ ಹೋಗಿಬರಲಿ. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುಭಕ್ತ. ಅವನ ಪಟ್ಟದರಸಿ ಶಾಂತಲೆ ಜೈನಳು. ಗಂಡನ ದೇವರು ದೊಡ್ಡದಾಗಿ ಎದ್ದು ನಿಂತ ಆರು ವರ್ಷಕ್ಕೆ, 1123ರಲ್ಲಿ, ಅವಳು ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಇನ್ನೂ ಒಂದು ತಲೆಮಾರು ಹಿಂದೆ ಹೋದರೆ ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಗಳು ತೀರಿಕೊಂಡ ಮೇಲೆ ಆ ತಾಯಿ ಸಲ್ಲೇಖನ ವ್ರತ ಹಿಡಿದು ಬೆಳಗೊಳದಲ್ಲೇ ದೇಹ ಬಿಟ್ಟಳು, ತನ್ನ ಧರ್ಮದಲ್ಲೇ. ಅರಮನೆಯ ಸಂಸಾರ ಎಲ್ಲರಿಗೂ ಮಾದರಿಯಲ್ಲ ಎನ್ನಬಹುದು, ಒಪ್ಪುತ್ತೇನೆ. ಆದರೂ ಒಂದೇ ಮನೆಯಲ್ಲಿ ಶಿವ, ವಿಷ್ಣು, ಜಿನ ಮೂವರನ್ನೂ ಇಟ್ಟುಕೊಂಡು ಬಾಳಿದ ಅಮ್ಮ ಮಗಳನ್ನು ಕಲ್ಲಿನಲ್ಲಿ ಕೊರೆದು ಹೊಗಳಿದ ನಾಡು ಇದು.

ನ್ಯಾಯಾಲಯಗಳು ಹೇಳಬೇಕಾದ್ದನ್ನು ಹೇಳಿವೆ. ವಯಸ್ಕರು ಮೆಚ್ಚಿದವರನ್ನು ಮದುವೆಯಾಗುವ ಹಕ್ಕು ಸಂವಿಧಾನದ್ದೆಂದು 2018ರಲ್ಲಿ ಹಾದಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2020ರ ನವೆಂಬರಿನಲ್ಲಿ ನಮ್ಮ ಹೈಕೋರ್ಟೂ ಹೇಳಿತು. ನೋಟಿಸ್ ಪ್ರಕಟಣೆ ವಧುವರರು ಬಯಸಿದರೆ ಮಾತ್ರ ಎಂದು 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ತೀರ್ಪು ಕೊಟ್ಟಿತು. ನೋಟಿಸುಗಳನ್ನು ಕಿಡಿಗೇಡಿಗಳು ಹರಡಿದ ಮೇಲೆ ಕೇರಳ ಅವನ್ನು ವೆಬ್‌ಸೈಟಿಗೆ ಹಾಕುವುದನ್ನು 2020ರಲ್ಲಿ ನಿಲ್ಲಿಸಿತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಸಾರಿದ ತೀರ್ಪಿಗೆ ಹೆಸರು ಕೊಟ್ಟವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ನಾಡಿನಲ್ಲೇ ಹೆಣ್ಣುಮಗಳೊಬ್ಬಳ ವಿಳಾಸ ಗೋಡೆಗೆ ಬೀಳುತ್ತಿದೆ.

ಮದುವೆಯ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ದೆಹಲಿಯತ್ತ ಬೆರಳು ತೋರಿಸಿ ಕೂರಬೇಕಾಗಿಲ್ಲ. 6 ಮತ್ತು 7ನೇ ಕಲಮುಗಳಿಗೆ ಕರ್ನಾಟಕದ ಶಾಸನಸಭೆಯೇ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತಕ್ಕೆ ಕಳಿಸಬಹುದು. ಅಷ್ಟರವರೆಗೆ ಕಾಯ್ದೆಯ ನಮೂನೆಯಲ್ಲಿಲ್ಲದ ಫೋಟೊ, ಫೋನ್ ನಂಬರು ಗೋಡೆಗೆ ಬೀಳದಂತೆ, ನೋಟಿಸಿನ ಚಿತ್ರ ಹರಡಿ ಬೆದರಿಸುವವರ ಮೇಲೆ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸುವಂತೆ ಸರ್ಕಾರ ಆದೇಶ ಹೊರಡಿಸಲಿ. ಮದುವೆಗಾಗಿ ಮತಾಂತರ ಕೂಡದು ಎನ್ನುವ ಶಾಸಕರೇ ಈ ತಿದ್ದುಪಡಿಗೆ ಮೊದಲು ಕೈ ಎತ್ತಬೇಕು. ಎತ್ತದಿದ್ದರೆ ಅವರಿಗೆ ಬೇಡವಾಗಿರುವುದು ಮತಾಂತರವಲ್ಲ, ಮದುವೆ ಎಂದೇ ನಾನು ತಿಳಿಯುತ್ತೇನೆ.

ಆ ಹುಡುಗಿಗೆ ಈಗ ಐದು ವರ್ಷದ ಮಗನಿದ್ದಾನೆ. ಗಂಡನೇ ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಅವಳನ್ನು ಚರ್ಚಿಗೆ ಬಿಟ್ಟುಬರುತ್ತಾನೆ. ಒಳಗೆ ಕೊನೆಯ ಬೆಂಚಿನಲ್ಲಿ ಕೂರುತ್ತಾಳಂತೆ, ಪರಮಪ್ರಸಾದದ ಸಾಲಿಗೆ ಮಾತ್ರ ಎದ್ದು ಹೋಗುವುದಿಲ್ಲವಂತೆ. ಯಾಕಮ್ಮಾ ಎಂದು ಕೇಳಿದೆ. 'ಆವತ್ತು ಯೇಸು ನನ್ನವನಲ್ಲ ಅಂತ ಸಹಿ ಹಾಕಿಕೊಟ್ಟೆನಲ್ಲ ಅಂಕಲ್' ಎಂದಳು.