ಎಐ ‘ಶೇ 95ರಷ್ಟು ನಿಖರ’: ಯಾರ ಲೆಕ್ಕದಲ್ಲಿ?

‘ಎಲೆಯ ಫೋಟೊ ಕಳಿಸಿ, ಎಐ ರೋಗ ಹೇಳುತ್ತದೆ. ಶೇ 95ರಷ್ಟು ನಿಖರ!’ ಇಂಥ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ.

ಹಾವೇರಿ ಬಳಿಯ ಅಗಡಿಯಲ್ಲಿ ಒಂದು ಬ್ಯಾಡಗಿ ಮೆಣಸಿನಕಾಯಿ ಹೊಲ ಎಂದುಕೊಳ್ಳಿ. 100 ಗಿಡಗಳಲ್ಲಿ 5ಕ್ಕೆ ಎಲೆ ಮುಟುರು ರೋಗ. ಆ್ಯಪ್ ಕಣ್ಣು ಮುಚ್ಚಿಕೊಂಡು ನೂರಕ್ಕೂ ‘ರೋಗವಿಲ್ಲ’ ಎಂದರೂ 95 ಉತ್ತರ ಸರಿಯೇ! ಆದರೆ ರೋಗದ ಗಿಡ ಒಂದೂ ಸಿಗಲಿಲ್ಲ. ರಸ ಹೀರುವ ಕೀಟಗಳಿಂದ ರೋಗ ಉಳಿದ ಗಿಡಗಳಿಗೂ ಹಬ್ಬುತ್ತದೆ.

ಅಂದರೆ ಎಐ ‘ಯಶಸ್ಸು’ ಎಲ್ಲರಿಗೂ ಒಂದೇ ಅಲ್ಲ. ತಂತ್ರಜ್ಞರು ಸರಿ ಉತ್ತರ ಎಣಿಸುತ್ತಾರೆ, ಕಂಪನಿ ಡೌನ್‌ಲೋಡ್ ಎಣಿಸುತ್ತದೆ. ಪಿಎಂ-ಕಿಸಾನ್‌ಗಾಗಿ 2023ರಲ್ಲಿ ಬಂದ ‘ಕಿಸಾನ್ ಇ-ಮಿತ್ರ’ ಎಷ್ಟು ಪ್ರಶ್ನೆಗೆ ಉತ್ತರಿಸಿತು ಎಂಬುದು ಸರ್ಕಾರದ ಲೆಕ್ಕ. ಕಂತು ಯಾಕೆ ಬರಲಿಲ್ಲ ಎಂದು ತಿಳಿಯಿತೇ ಎಂಬುದು ರೈತರ ಲೆಕ್ಕ. ಮೆಣಸಿನಕಾಯಿ ವಿಂಗಡಿಸುವ ಯಂತ್ರ ಬಂದರೆ, ಆ ಕೆಲಸ ಮಾಡುವ ಹೆಂಗಸರು ಕೇಳುವುದು ಒಂದೇ: ನಮ್ಮ ಕೂಲಿ ಉಳಿಯುತ್ತದೆಯೇ?

ಹಾಗಾಗಿ ಶೇಕಡಾವಾರು ಕಂಡಾಗ ಎರಡು ಪ್ರಶ್ನೆ ಕೇಳಿ. ರೋಗದ ಗಿಡಗಳಲ್ಲಿ ಎಷ್ಟನ್ನು ಗುರುತಿಸಿತು? ಚೆನ್ನಾಗಿರುವ ಗಿಡಕ್ಕೆ ರೋಗವಿದೆ ಎಂದು ಎಷ್ಟು ಸಲ ಹೇಳಿ ಔಷಧಿಗೆ ದಂಡ ಮಾಡಿಸಿತು? ಉತ್ತರವಿಲ್ಲದಿದ್ದರೆ ಫಾರ್ವರ್ಡ್ ಬೇಡ.