ಕಾರ್ಡಿಗೊಂದು ದರ, ಕಾಸಿಗೊಂದು ದರ

ಮಂಗಳೂರಿನ ಕದ್ರಿಯಿಂದ ಮಲ್ಲಿಕಟ್ಟೆಗೆ ಇಳಿದು ಬಲ್ಮಠ, ಕಂಕನಾಡಿಯತ್ತ ಹೋಗುವ ದಾರಿಯುದ್ದಕ್ಕೂ ಆಸ್ಪತ್ರೆ, ನರ್ಸಿಂಗ್ ಹೋಮ್, ಲ್ಯಾಬು, ಸ್ಕ್ಯಾನಿಂಗ್ ಸೆಂಟರುಗಳ ಬೋರ್ಡುಗಳೇ ಕಾಣುತ್ತವೆ. ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ ಎಂಟು ವೈದ್ಯಕೀಯ ಕಾಲೇಜುಗಳಿವೆ, ಅವುಗಳಲ್ಲಿ ಒಂದೂ ಸರಕಾರದ್ದಲ್ಲ. 1848ರಷ್ಟು ಹಿಂದೆಯೇ ಹುಟ್ಟಿದ ವೆನ್ಲಾಕ್ ಆಸ್ಪತ್ರೆಯೂ ಇವತ್ತಿಗೂ ಖಾಸಗಿ ಕಾಲೇಜಿನ ವೈದ್ಯರನ್ನು ನೆಚ್ಚಿಕೊಂಡೇ ನಡೆಯುತ್ತಿದೆ. ಮಂಜೇಶ್ವರ, ಕಾಸರಗೋಡಿನವರಿಗೆ ಮಂಗಳೂರು ಎಷ್ಟು ಅನಿವಾರ್ಯ ಎಂಬುದು 2020ರಲ್ಲಿ ಕೋವಿಡ್ ಕಾಲದಲ್ಲಿ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ದೇಶಕ್ಕೇ ತಿಳಿಯಿತು. ರೋಗಿಗಳನ್ನು ಒಳಗೆ ಬಿಡಬೇಕೇ ಬೇಡವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ಇಷ್ಟೊಂದು ಆಸ್ಪತ್ರೆಗಳಿರುವ ಊರಿನಲ್ಲಿ ಪೈಪೋಟಿಯಿಂದಲೇ ದರ ಇಳಿಯಬೇಕಿತ್ತು, ಬಿಲ್ಲು ಪಾರದರ್ಶಕವಾಗಬೇಕಿತ್ತು. ಹಾಗಾಗಿಲ್ಲ. ಅಪೆಂಡಿಕ್ಸ್ ಆಪರೇಷನ್ನಿಗೆ ಒಟ್ಟು ಎಷ್ಟಾದೀತು ಎಂದು ಮೊದಲೇ ತಿಳಿದುಕೊಂಡು ಅಡ್ಮಿಟ್ ಆಗುವವರು ಅಪರೂಪ. ವಿಮೆಯನ್ನು ಹಿಗ್ಗಿಸುತ್ತಾ ಹೋದರೆ ಈ ಕಷ್ಟ ತೀರುತ್ತದೆ ಎಂದು ಬೆಂಗಳೂರೂ ದೆಹಲಿಯೂ ನಂಬಿವೆ. ನನ್ನ ಅಭಿಪ್ರಾಯ ಬೇರೆ. 2017ರಲ್ಲಿ ಕೈಗೆ ಬಂದು ತಪ್ಪಿಹೋದ ದರ ನಿಗದಿಯ ಕಲಮನ್ನು ಮರಳಿ ತರದೆ ಯಾವ ಕಾರ್ಡೂ ರೋಗಿಯನ್ನು ಉಳಿಸಲಾರದು.

ಆ ಕತೆಯನ್ನು ನಾವು ಬೇಗ ಮರೆತೆವು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಕರೆಯುವ ಕೆಪಿಎಂಇ ಕಾಯ್ದೆ, 2007ರದು. ಅದಕ್ಕೆ ಹಲ್ಲು ಕೊಡಲೆಂದು ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ 2017ರಲ್ಲಿ ತಿದ್ದುಪಡಿ ಮಸೂದೆ ತಂದರು. ಚಿಕಿತ್ಸೆಗಳಿಗೆ ಸರಕಾರವೇ ದರ ಗೊತ್ತುಮಾಡಬೇಕು, ಮೀರಿದರೆ ಜೈಲು ಎಂಬುದು ಅದರ ತಿರುಳಾಗಿತ್ತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಬೀದಿಗಿಳಿದರು. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗಲೇ ರಾಜ್ಯದಾದ್ಯಂತ ಹೊರರೋಗಿ ವಿಭಾಗಗಳು ಬಾಗಿಲು ಹಾಕಿದವು, ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಕೊನೆಗೆ ಅಂಗೀಕಾರವಾದ ಕಾಯ್ದೆಯಲ್ಲಿ ದರ ಮೀರಿದ್ದಕ್ಕೆ ಜೈಲು ಇರಲಿಲ್ಲ. ದರ ನಿಗದಿ ಉಳಿಯಿತಾದರೂ ಸರಕಾರಿ ಆರೋಗ್ಯ ಯೋಜನೆಗಳಡಿ ಚಿಕಿತ್ಸೆ ಪಡೆಯುವವರಿಗಷ್ಟೇ ಸೀಮಿತವಾಯಿತು. ಹೀಗಾಗಿ ಕರ್ನಾಟಕದಲ್ಲಿ ಒಂದೇ ಆಪರೇಷನ್ನಿಗೆ ಎರಡು ಲೋಕ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡು ಹಿಡಿದು ಬಂದವರಿಗೆ ಪ್ಯಾಕೇಜ್ ದರ, ಜೇಬಿನಿಂದ ಕೊಡುವವರಿಗೆ ಆಸ್ಪತ್ರೆ ಹೇಳಿದ್ದೇ ದರ.

ಜೈಲಿನ ವಿಷಯದಲ್ಲಿ ವೈದ್ಯರ ಸಿಟ್ಟು ನ್ಯಾಯವಾಗಿತ್ತು ಎಂದು ಒಪ್ಪುತ್ತೇನೆ. ಬಿಲ್ಲಿನ ತಕರಾರಿಗೆ ವೈದ್ಯರನ್ನು ಕಂಬಿಯ ಹಿಂದೆ ಹಾಕುತ್ತೇವೆ ಎನ್ನುವ ಕಾಯ್ದೆ ಕಷ್ಟದ ಕೇಸುಗಳನ್ನು ಮುಟ್ಟದಂತೆ ಅವರನ್ನು ಹೆದರಿಸುತ್ತದೆ. ಸರಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಯೊಳಗೆ ತನ್ನಿ ಎಂಬ ಅವರ ಬೇಡಿಕೆಯೂ ಸರಿಯಾಗಿತ್ತು. ಆದರೆ ಜೈಲನ್ನು ಕೈಬಿಡುವ ಗಡಿಬಿಡಿಯಲ್ಲಿ ದರವನ್ನೂ ಕೈಬಿಟ್ಟದ್ದು ತಪ್ಪು. ಆ ತಪ್ಪಿನ ಬೆಲೆಯನ್ನು ಬಿಪಿಎಲ್ ಗೆರೆಯ ಸ್ವಲ್ಪವೇ ಮೇಲಿರುವ ಕುಟುಂಬಗಳು ತೆರುತ್ತಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎಪಿಎಲ್‌ನವರಿಗೆ ಸರಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ತುರ್ತಲ್ಲದ ಹೆಚ್ಚಿನ ಚಿಕಿತ್ಸೆಗಳಿಗೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇರೆ ಬೇಕು. ಆ ಪತ್ರ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದವರು ಮತ್ತೆ ಕಾಸಿನ ಸಾಲಿಗೇ ಬರುತ್ತಾರೆ.

ಖಾಸಗಿ ವಿಮೆ ಇದ್ದರೆ ಸಾಕಲ್ಲ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. 5 ಲಕ್ಷದ ಪಾಲಿಸಿ, ಕೋಣೆ ಬಾಡಿಗೆಗೆ ಶೇ. 1ರ ಮಿತಿ ಎಂದುಕೊಳ್ಳಿ. ದಿನಕ್ಕೆ 5,000 ರೂಪಾಯಿ. ಆ ದರದ ಕೋಣೆ ಖಾಲಿಯಿಲ್ಲದೆ 10,000 ರೂಪಾಯಿಯ ಕೋಣೆ ಸೇರಿದರೆ ವಿಮಾ ಕಂಪೆನಿ ಕತ್ತರಿಸುವುದು ಬಾಡಿಗೆಯ ಹೆಚ್ಚುವರಿ ಹಣವನ್ನಷ್ಟೇ ಅಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರಿನ ಶುಲ್ಕಕ್ಕೂ ಅದೇ ಪ್ರಮಾಣದ ಕತ್ತರಿ ಬೀಳುತ್ತದೆ. ಏಕೆಂದರೆ ಹಲವು ಆಸ್ಪತ್ರೆಗಳಲ್ಲಿ ಕೋಣೆ ದುಬಾರಿಯಾದಂತೆ ಆ ಶುಲ್ಕಗಳೂ ಏರುತ್ತವೆ. ಅದೇ ಸರ್ಜನ್, ಅದೇ ಥಿಯೇಟರ್, ಅದೇ ಅರಿವಳಿಕೆ. ರೋಗಿ ಆಮೇಲೆ ಮಲಗುವ ಮಂಚ ಬೇರೆಯಾದದ್ದಕ್ಕೆ ಕತ್ತಿಯ ಬೆಲೆ ಏಕೆ ಬೇರೆಯಾಗಬೇಕು? ಈ ಪ್ರಶ್ನೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಆಸ್ಪತ್ರೆಗೆ ಕೇಳಲಾಗದು, ಅದರ ಅಧಿಕಾರ ಇರುವುದು ವಿಮಾ ಕಂಪೆನಿಗಳ ಮೇಲೆ ಮಾತ್ರ. 2024ರ ಮೇ ತಿಂಗಳಲ್ಲಿ ಅದು ಒಳ್ಳೆಯ ಆದೇಶವನ್ನೇ ಹೊರಡಿಸಿತು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕು ಎಂದಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿಯೂ ಹೋಯಿತು. ಎರಡೂ ಸ್ವಾಗತಾರ್ಹ. ಆದರೆ ಬಿಲ್ಲು ಬೇಗ ಪಾಸಾದ ಮಾತ್ರಕ್ಕೆ ಬಿಲ್ಲು ಸರಿ ಎಂದಾಗುವುದಿಲ್ಲ. ಇವತ್ತು ಕಂಪೆನಿ ಕಟ್ಟಿದ ದೊಡ್ಡ ಬಿಲ್ಲು ನಾಳೆ ಪ್ರೀಮಿಯಂ ಆಗಿ ಎಲ್ಲ ಪಾಲಿಸಿದಾರರ ಮನೆಗೆ ಬರುತ್ತದೆ.

ದರ ಗೊತ್ತುಮಾಡಲು ಆಗುವುದೇ ಇಲ್ಲ ಎಂಬ ವಾದವನ್ನು ಅನುಭವವೇ ಸುಳ್ಳಾಗಿಸಿದೆ. 2017ರ ಫೆಬ್ರುವರಿಯಲ್ಲಿ ಕೇಂದ್ರ, ಲಕ್ಷದ ಗಡಿ ದಾಟುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಹೃದಯ ಚಿಕಿತ್ಸೆ ನಿಲ್ಲಲಿಲ್ಲ. 2020ರ ಜೂನ್‌ನಲ್ಲಿ ಕೋವಿಡ್‌ನ ನಡುವೆ ಕರ್ನಾಟಕ ಸರಕಾರ ಖಾಸಗಿ ಆಸ್ಪತ್ರೆಗಳಲ್ಲಿ ನಗದು ಕೊಡುವ ರೋಗಿಗಳಿಗೂ ದರ ಕಟ್ಟಿತು. ಜನರಲ್ ವಾರ್ಡಿಗೆ ದಿನಕ್ಕೆ 10,000, ವೆಂಟಿಲೇಟರ್ ಇರುವ ಐಸಿಯುಗೆ 25,000. 2024ರಲ್ಲಿ ಡೆಂಗ್ಯೂ ಪರೀಕ್ಷೆಗಳಿಗೂ ಮಿತಿ ಬಂತು. ಬಿಕ್ಕಟ್ಟು ಬಂದಾಗ ಆಗುವ ಕೆಲಸ ಉಳಿದ ದಿನಗಳಲ್ಲಿ ಏಕೆ ಆಗದು? ಕ್ಯಾನ್ಸರ್ ಬಂದ ಮನೆಗೆ ಎಲ್ಲ ದಿನವೂ ಬಿಕ್ಕಟ್ಟೇ. ಒಂದು ಸಾಮಗ್ರಿಗೆ ಮಾತ್ರ ಮಿತಿ ಹಾಕಿದರೆ ಬಿಲ್ಲಿನ ಇನ್ನೊಂದು ಸಾಲು ಉಬ್ಬೀತು ಎಂಬ ಆತಂಕ ನಿಜ. ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿದ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 2018ರಲ್ಲಿ ಶೇ. 1,737ರವರೆಗಿನ ಲಾಭಾಂಶವನ್ನು ಕಂಡಿತ್ತು. ಹಾಗಾಗಿಯೇ ದರ ಇಡೀ ಚಿಕಿತ್ಸೆಗೆ ಕಟ್ಟಬೇಕು.

ಸರಕಾರದ ಪ್ಯಾಕೇಜ್ ದರ ತೀರಾ ಕಡಿಮೆ, ಹಣ ಬರುವುದೂ ತಡ, ಅದನ್ನೇ ಎಲ್ಲರಿಗೂ ಹೇರಿದರೆ ಸಣ್ಣ ನರ್ಸಿಂಗ್ ಹೋಮ್‌ಗಳು ಮುಚ್ಚಿಹೋಗುತ್ತವೆ ಎಂಬುದು ವೈದ್ಯರ ಗಟ್ಟಿಯಾದ ಆಕ್ಷೇಪ. ಇದಕ್ಕೆ ಕಿವಿಗೊಡಲೇಬೇಕು. ಮಲ್ಲಿಕಟ್ಟೆಯ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನ ಖರ್ಚು ಬೇರೆ, ದೇರಳಕಟ್ಟೆಯ ಕಾಲೇಜು ಆಸ್ಪತ್ರೆಯ ಖರ್ಚು ಬೇರೆ. ಆದ್ದರಿಂದ ನಿಜವಾದ ವೆಚ್ಚವನ್ನು ಲೆಕ್ಕ ಹಾಕಿ, ಆಸ್ಪತ್ರೆಯ ವರ್ಗ ನೋಡಿ, ವೈದ್ಯರನ್ನೂ ರೋಗಿಗಳ ಪ್ರತಿನಿಧಿಗಳನ್ನೂ ಕೂರಿಸಿಕೊಂಡು ದರ ಕಟ್ಟಬೇಕು, ನಿಗದಿತ ಕಾಲಕ್ಕೆ ಪರಿಷ್ಕರಿಸಬೇಕು. ಜಪಾನಿನ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿ. ಆದರೂ ಇಡೀ ದೇಶಕ್ಕೆ ಒಂದೇ ದರಪಟ್ಟಿ, ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆ. ಅಲ್ಲಿ ವೈದ್ಯಕೀಯ ಸೊರಗಿಲ್ಲ. ಇನ್ನು, ದುಬಾರಿ ಅನ್ನಿಸಿದರೆ ಬೇರೆ ಆಸ್ಪತ್ರೆಗೆ ಹೋಗಬಹುದಲ್ಲ ಎನ್ನುವವರಿಗೆ ಇಷ್ಟೇ ಉತ್ತರ: ಎದೆನೋವು ಹೊತ್ತು ನಂತೂರು ವೃತ್ತದಲ್ಲಿ ಆಂಬ್ಯುಲೆನ್ಸಿನೊಳಗೆ ಮಲಗಿದವರು ದರ ವಿಚಾರಿಸುವುದಿಲ್ಲ.

ದರವನ್ನು ಮುಟ್ಟಿದರೆ ಗುಣಮಟ್ಟ ಕುಸಿಯುತ್ತದೆ ಎಂಬ ಎಚ್ಚರಿಕೆಯೂ ಇದೆ. ಆದರೆ ಲಗಾಮಿಲ್ಲದ ದರ ರೋಗಿಯ ಸುರಕ್ಷೆಯನ್ನು ಕಾಪಾಡಿದೆಯೇ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನಡೆದ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್. ಸರಕಾರಿ ಆಸ್ಪತ್ರೆಗಳಲ್ಲಿ ಅದು ಶೇ. 14.3. ಕೆಲವು ಕಷ್ಟದ ಹೆರಿಗೆಗಳು ಖಾಸಗಿಗೆ ಬರುತ್ತವೆ, ಕೆಲವರು ತಾವೇ ಕೇಳುತ್ತಾರೆ, ನಿಜ. ಆದರೂ ಮೂರು ಪಟ್ಟಿಗೂ ಮಿಗಿಲಾದ ಈ ಅಂತರವನ್ನು ಅಷ್ಟರಿಂದಲೇ ವಿವರಿಸಲಾಗದು. ಬೇಡದ ಆಪರೇಷನ್ ಬಿಲ್ಲಿನ ಭಾರವಷ್ಟೇ ಅಲ್ಲ, ಹೊಟ್ಟೆಯ ಮೇಲಿನ ಗಾಯವೂ ಹೌದು. ಸರಕಾರಿ ಆಸ್ಪತ್ರೆ ಸುರಕ್ಷಿತ ಎಂದು ಇದರಿಂದ ನಿರ್ಧರಿಸುವಂತೆಯೂ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಪಶ್ಚಿಮ ಬಂಗಾಳದ ಕಂಪೆನಿಯೊಂದರ ಐವಿ ದ್ರಾವಣದ ಮೇಲೆ ಸಂಶಯ ಬಂತು, ಕರ್ನಾಟಕದ ಔಷಧ ನಿಯಂತ್ರಕರ ಅಮಾನತಾಯಿತು. ದರಪಟ್ಟಿಯ ಜತೆಗೆ ಸಿಸೇರಿಯನ್ ಪ್ರಮಾಣ, ಆಪರೇಷನ್ ನಂತರದ ಸೋಂಕು, ಸಾವುಗಳ ಲೆಕ್ಕವನ್ನೂ ಪ್ರತಿ ಆಸ್ಪತ್ರೆ, ಸರಕಾರಿಯಾಗಲಿ ಖಾಸಗಿಯಾಗಲಿ, ಸಾರ್ವಜನಿಕರ ಮುಂದಿಡುವಂತೆ ಕಾಯ್ದೆಯಾಗಬೇಕು.

2017ರಲ್ಲಿ ಹಿಂದೆ ಸರಿದ ಸಿದ್ದರಾಮಯ್ಯನವರೇ 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಆ ಕಲಮಿನ ಮಾತನ್ನು ನಮ್ಮ ಜಿಲ್ಲೆಯ ಯಾವ ಪಕ್ಷದ ಶಾಸಕರೂ ಚುನಾವಣೆಯ ವಿಷಯ ಮಾಡಿದ್ದನ್ನು ನಾನು ಕಂಡಿಲ್ಲ. ಅದನ್ನು ಕೇಳಬೇಕಾದವರು ನಾವು. ಅಲ್ಲಿಯವರೆಗೆ ಕಾಯ್ದೆಯಲ್ಲಿ ಉಳಿದಿರುವುದನ್ನಾದರೂ ಬಳಸೋಣ. ಆಸ್ಪತ್ರೆ ತನ್ನ ದರಪಟ್ಟಿಯನ್ನು ಕಾಣುವಂತೆ ಹಾಕಬೇಕು, ತುರ್ತು ಚಿಕಿತ್ಸೆಗೆ ಮುಂಗಡಕ್ಕಾಗಿ ತಡೆಯಬಾರದು, ಬಾಕಿಗಾಗಿ ಶವವನ್ನು ಇರಿಸಿಕೊಳ್ಳಬಾರದು. ತಪ್ಪಿದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಮುಂದಿನ ಸಲ ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ದರಪಟ್ಟಿ ಎಲ್ಲಿದೆ ಎಂದು ಕೇಳಿ. ಇಲ್ಲವೆಂದರೆ ಆ ದೂರನ್ನು ಬರೆದು ಕೊಡಿ.