ಹುಲಿಯ ಮುದ್ರೆಯ ಹತ್ತು ರೂಪಾಯಿ

ರಿಸರ್ವ್ ಬ್ಯಾಂಕು 1935ರ ಎಪ್ರಿಲ್ 1ರಂದು ಕಾರ್ಯಾರಂಭ ಮಾಡಿತು. ಅದಕ್ಕೆ 75 ವರ್ಷ ತುಂಬಿದ 2010ರಲ್ಲಿ ಸರಕಾರವು ಸ್ಮಾರಕ ನಾಣ್ಯಗಳನ್ನು ಟಂಕಿಸಿತು. ಬೆಳ್ಳಿ ಬೆರೆತ 75 ರೂಪಾಯಿಯದು ಪೆಟ್ಟಿಗೆಯಲ್ಲಿಡುವವರಿಗೆ. 10 ರೂಪಾಯಿಯದು ನಮ್ಮನಿಮ್ಮಂಥವರ ಕೈಯಲ್ಲಿ ಸಂಚರಿಸುವುದಕ್ಕೆ. ಬಿಳಿಯ ಬಿಲ್ಲೆಗೆ ಹಳದಿಯ ಬಳೆ ತೊಡಿಸಿದಂತಿರುವ ಈ ನಾಣ್ಯದಲ್ಲಿ ತಾಳೆಮರದೊಡನೆ ಹುಲಿಯೊಂದು ನಿಂತಿದೆ. ಬ್ಯಾಂಕಿನ ಲಾಂಛನವೇ ಅದು. ಈಸ್ಟ್ ಇಂಡಿಯಾ ಕಂಪೆನಿಯ ಜೋಡಿ ಮೊಹರಿನಲ್ಲಿದ್ದ ಸಿಂಹವನ್ನು ಬಿಟ್ಟು, ನಮ್ಮ ದೇಶಕ್ಕೆ ಒಪ್ಪುವುದೆಂದು ಹುಲಿಯನ್ನು ಆರಿಸಿಕೊಂಡರು. ಅಷ್ಟಮಿಯ ಹುಲಿವೇಷವನ್ನು ಕಂಡು ಬೆಳೆದ ಉಡುಪಿಯ ಮಕ್ಕಳಿಗೆ ಇದರ ಗುರುತು ಹೇಳಿಕೊಡಬೇಕಾಗಿಲ್ಲ!

ಇಂಥ ನಾಣ್ಯವೊಂದನ್ನು ನಾವು ಕಾಪುವಿನ ಪೇಟೆಯಲ್ಲಿ ಬಾಳೆಹಣ್ಣಿಗೆ ಕೊಡಲು, "ಮಾಸ್ಟ್ರೇ, ಇದು ನಡೆಯುವುದಿಲ್ಲ, ನೋಟಿದ್ದರೆ ಕೊಡಿ" ಎಂಬ ಉತ್ತರ ಬಂದಿತು. ಕಾರ್ಕಳದ ಬಸ್ಸಿನಲ್ಲಿಯೂ ಇದೇ ಮಾತು. ಯಾವ ಬ್ಯಾಂಕು ನೋಟನ್ನು ಹೊರಡಿಸುವುದೋ ಅದರ ಗೌರವಾರ್ಥವಾಗಿ ಹುಟ್ಟಿದ ನಾಣ್ಯಕ್ಕೆ ನೋಟಿನ ಮುಂದೆ ಈ ಅವಮಾನ. ರೂಪಗಳು ಹಲವಾದುದರಿಂದ ಸಂಶಯ ಹುಟ್ಟುವುದು ಸಹಜವೇ. ಆದರೆ 10 ರೂಪಾಯಿ ನಾಣ್ಯದ 14 ರೂಪಗಳೂ, ರೂಪಾಯಿಯ ಚಿಹ್ನೆಯಿರಲಿ ಇಲ್ಲದಿರಲಿ, ಸಲ್ಲತಕ್ಕವೆಂದು ಬ್ಯಾಂಕು 2018ರ ಜನವರಿಯಲ್ಲಿಯೇ ಪ್ರಕಟಿಸಿದೆ. 2011ರ ನಾಣ್ಯ ಕಾಯಿದೆಯಂತೆ ಒಂದು ರೂಪಾಯಿಯ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳಲ್ಲಿ ಸಾವಿರ ರೂಪಾಯಿಯವರೆಗೆ ಸಂದಾಯ ಮಾಡಬಹುದು.

ಪಾಣಿನಿಯು "ರೂಪ್ಯ" ಶಬ್ದಕ್ಕೆ ರೂಪವನ್ನು ಬಡಿದು ಮೂಡಿಸಿದುದೆಂದು ಅರ್ಥ ಹೇಳುತ್ತಾನೆ. ನಮ್ಮ ರೂಪಾಯಿಯು ಆ ಶಬ್ದದ ಸಂತಾನ. ಮುದ್ರೆ ಬಿದ್ದು ಹಣವಾದ ಲೋಹವು ಅಂಗಡಿಯವರ ಅನುಮಾನದಿಂದ ಮರಳಿ ಬರಿಯ ಲೋಹವಾಗುವುದೆಂತು?

ಚಿಲ್ಲರೆಯನ್ನು ಹೀಗಳೆಯುವುದು ನಮ್ಮ ಸೀಮೆಗಂತೂ ಒಪ್ಪದು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ತೆರೆದ ಬ್ಯಾಂಕಿನಲ್ಲಿ ಮೊದಲ ದಿನ ಕೂಡಿದುದು 38 ರೂಪಾಯಿ, 13 ಆಣೆ, 2 ಪೈ. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕಾಯಿತು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿ ಮಣಿಪಾಲದಲ್ಲಿ ನೆಲೆಯೂರಿದ ಸಿಂಡಿಕೇಟ್ ಬ್ಯಾಂಕಿನವರು 1928ರಿಂದ ಪಿಗ್ಮಿ ಠೇವಣಿಗೆಂದು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿದರು. ಆ ಎರಡಾಣೆಯನ್ನು ಬೇಡವೆಂದಿದ್ದರೆ ಬ್ಯಾಂಕು ಎಲ್ಲಿರುತ್ತಿತ್ತು? 2020ರಲ್ಲಿ ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿಯೂ ಎರಡನೆಯದು ಕೆನರಾ ಬ್ಯಾಂಕಿನಲ್ಲಿಯೂ ಲೀನವಾದುವು. ಹೆಸರುಗಳು ಹೋದುವು, ನಮ್ಮವರ ಬಾಯಲ್ಲಿ ಪಿಗ್ಮಿ ಎಂಬ ಮಾತು ಉಳಿದಿದೆ.

ವಾಚಕರ ಮನೆಯಲ್ಲಿ ಹೀಗೆ ತಿರಸ್ಕೃತವಾದ ನಾಣ್ಯಗಳು ಡಬ್ಬಿಯಲ್ಲಿ ಬಿದ್ದಿದ್ದರೆ ಹತ್ತಿರದ ಬ್ಯಾಂಕಿನ ಶಾಖೆಗೆ ಒಯ್ಯಬಹುದು. ಅಲ್ಲಿಯವರು ಅವನ್ನು ತೆಗೆದುಕೊಳ್ಳತಕ್ಕದ್ದೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ಹುಲಿಯದೊಂದನ್ನು ಮಾತ್ರ ಮಕ್ಕಳಿಗೆ ತೋರಿಸಲು ಇಟ್ಟುಕೊಳ್ಳಿರಿ.